ಕರೆಂಟ್ ಇಡದೆ ಕಳಿಸಿದ ಬೆಳಿಗ್ಗೆ

ಫಿಸಿಯೋಥೆರಪಿ ಓದು ಮುಗಿಸಿ ಸವಳಂಗ ರಸ್ತೆಯ ಸಣ್ಣದೊಂದು ಕ್ಲಿನಿಕ್ಕಿಗೆ ನಾನು ಸೇರಿ ಆಗಿನ್ನೂ ಎಂಟು ತಿಂಗಳು. ಕ್ಲಿನಿಕ್ ನಡೆಸುತ್ತಿದ್ದ ಸರ್ ಯಾವುದೋ ಮದುವೆಗೆಂದು ನಾಲ್ಕು ದಿನ ಊರಿಗೆ ಹೊರಟರು. ಹೋಗುವಾಗ, "ಬರೋರೆಲ್ಲ ಸೊಂಟ ನೋವು, ಮಂಡಿ ನೋವಿನೋರು. ನೀನೇ ನೋಡ್ಕೋ, ಹೆದರ್ಬೇಡ" ಎಂದರು. ಅಲ್ಲಿಯವರೆಗೆ ಇಲ್ಲದ ಹೆದರಿಕೆ ಆ ಮಾತಿನಿಂದಲೇ ಶುರುವಾಯಿತು.

ಎರಡನೆಯ ದಿನ ಬೆಳಿಗ್ಗೆ ಭದ್ರಾವತಿಯಿಂದ ಗಂಡ ಹೆಂಡತಿ ಬಂದರು. ಆಕೆಗೆ ನಲವತ್ತರ ಆಸುಪಾಸು. ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದರು. ಆತ ಫೌಂಡ್ರಿಯೊಂದರಲ್ಲಿ ಕೆಲಸಕ್ಕಿದ್ದರು. ಆಕೆ ಒಂದು ಕೈಯಲ್ಲಿ ಗಂಡನ ಭುಜ, ಇನ್ನೊಂದರಲ್ಲಿ ಗೋಡೆ ಹಿಡಿದು ಒಳಗೆ ಬಂದರು.

"ಮಿಷಿನ್ ತುಳಿದೂ ತುಳಿದೂ ಸೊಂಟದ ನರ ಹಿಡ್ಕೊಂಡಿದೆ ಮೇಡಂ," ಎಂದರು ಗಂಡ. "ಸ್ವಲ್ಪ ಕರೆಂಟ್ ಇಟ್ಟು ಕಳಿಸಿ. ಹನ್ನೊಂದು ಗಂಟೆ ಬಸ್ಸಿಗೆ ಹೋಗ್ತೀವಿ."

ನೋವಿಗೆಂದು ನಾವು ಮಷೀನಿನ ಪ್ಯಾಡ್ ಅಂಟಿಸುವುದಕ್ಕೆ ಇಲ್ಲಿ ಎಲ್ಲರೂ ಹೇಳುವುದು ಕರೆಂಟ್ ಇಡುವುದು ಎಂದೇ. ಇಟ್ಟು ಕಳಿಸಿಬಿಡಬಹುದಿತ್ತು. ಆದರೆ ಆಕೆಗೆ ಎಲ್ಲಿಯೂ ನೋವಿರಲಿಲ್ಲ. ಎರಡೂ ಕಾಲು ಒಂದೇ ಸಮ ಸೋತಿದ್ದವು.

"ಯಾವಾಗಿಂದ ಅಕ್ಕ?"

"ಸೋಮವಾರ ಪಾದ ಜೋಮು ಹಿಡೀತು. ನಿನ್ನೆ ಕೂತರೆ ಏಳೋಕಾಗ್ಲಿಲ್ಲ. ಇವತ್ತು ಸೀರೆಗೆ ಪಿನ್ ಹಾಕೋಕೆ ಹೋದ್ರೆ ಬೆರಳೇ ಮಾತು ಕೇಳ್ತಿಲ್ಲ."

ಎರಡು ವಾರದ ಹಿಂದೆ ಮೂರು ದಿನ ಭೇದಿಯಾಗಿ ತಾನಾಗಿಯೇ ನಿಂತಿತ್ತಂತೆ. ಇಂಥ ಭೇದಿಯ ಬೆನ್ನಿಗೆ ಕೆಲವೊಮ್ಮೆ ಶುರುವಾಗಿ ಪಾದದಿಂದ ಮೇಲೇರುತ್ತ ಬರುವ ಕಾಯಿಲೆಯೊಂದರ ಬಗ್ಗೆ ಪರೀಕ್ಷೆಗೆಂದು ಓದಿದ್ದೆನೇ ಹೊರತು ಕಣ್ಣಾರೆ ಕಂಡಿರಲಿಲ್ಲ.

ಮಂಚದ ಅಂಚಿನಲ್ಲಿ ಕೂರಿಸಿ ಮಂಡಿಚಿಪ್ಪಿನ ಕೆಳಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದೆ. ಕಾಲು ಅಲ್ಲಾಡಲಿಲ್ಲ. ಮತ್ತೊಂದು ಕಾಲು, ಅದೂ ಇಲ್ಲ. ನಾನೇ ತಪ್ಪು ಜಾಗಕ್ಕೆ ತಟ್ಟುತ್ತಿದ್ದೇನೆಯೇ ಎಂದು ಅನುಮಾನ ಬಂತು. ಸ್ಟೂಲಿನ ಮೇಲೆ ಕೂತು ನನ್ನದೇ ಮಂಡಿಗೆ ಹೊಡೆದುಕೊಂಡೆ, ಕಾಲು ಚಿಮ್ಮಿತು. ಗಂಡ ನಕ್ಕರು. "ಅಣ್ಣ, ನೀವೂ ಕೂತ್ಕೊಳ್ಳಿ" ಎಂದು ಅವರಿಗೂ ತಟ್ಟಿದೆ. ಅವರ ಕಾಲು ಎಷ್ಟು ಜೋರಾಗಿ ಒದೆಯಿತೆಂದರೆ ಚಪ್ಪಲಿ ಹಾರಿ ಬಿತ್ತು. ಆಮೇಲೆ ಅವರ ಕಣ್ಣೆದುರೇ ಮತ್ತೆ ಹೆಂಡತಿಯ ಮಂಡಿಗೆ ತಟ್ಟಿದೆ. ಈ ಸಲ ಅವರು ನಗಲಿಲ್ಲ.

ಮಲಗಿಸಿ ತಲೆಯೆತ್ತಲು ಹೇಳಿದೆ. ದಿಂಬಿನಿಂದ ನಾಲ್ಕು ಬೆರಳಷ್ಟು ಎದ್ದ ತಲೆ, ನಾನು ಹಣೆಯ ಮೇಲೆ ಬೆರಳಿಟ್ಟ ಕೂಡಲೇ ಹಿಂದಕ್ಕೆ ಬಿತ್ತು. "ಪೂರ್ತಿ ಉಸಿರು ತಗೊಂಡು, ನಡುವೆ ನಿಲ್ಲಿಸದೆ ಎಣಿಸಿ ಅಕ್ಕ" ಎಂದೆ. ಆರೋಗ್ಯವಾಗಿರುವವರು ಒಂದೇ ಉಸಿರಿಗೆ ನಲವತ್ತರ ಆಚೆ ಹೋಗುತ್ತಾರೆ. ಆಕೆ ಇಪ್ಪತ್ತಮೂರಕ್ಕೆ ನಿಂತರು. ನಾನು ಸರ್‌ಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದೆ. ಅಷ್ಟರಲ್ಲಿ ಅರ್ಧ ಗಂಟೆಯಾಗಿತ್ತು. ಮತ್ತೊಮ್ಮೆ ಎಣಿಸಿದಾಗ ಹದಿನೇಳು.

"ಅಣ್ಣ, ಇದು ಸೊಂಟದ ತೊಂದರೆ ಅಲ್ಲ. ಈಗಲೇ ದೊಡ್ಡ ಆಸ್ಪತ್ರೆಗೆ ಹೋಗ್ಬೇಕು. ಉಸಿರಾಟಕ್ಕೆ ತೊಂದರೆ ಆಗಬಹುದು."

"ಚೆನ್ನಾಗೇ ಮಾತಾಡ್ತಾ ಇದಾಳಲ್ಲ ಮೇಡಂ? ಮಧ್ಯಾಹ್ನ ಮಗಳು ಶಾಲೆಯಿಂದ ಬರ್ತಾಳೆ. ನಾಳೆ ಹೋಗ್ತೀವಿ ಬಿಡಿ."

ನನ್ನ ಊಹೆ ತಪ್ಪಾಗಿದ್ದರೆ? ಸುಮ್ಮನೆ ಹೆದರಿಸಿದಳು ಎಂದು ಊರೆಲ್ಲ ಹೇಳಿಕೊಂಡು ಬಂದರೆ? ಸರಿಯಾಗಿದ್ದು, ಇವರು ಬಸ್ಸು ಹತ್ತಿಬಿಟ್ಟರೆ? ಭದ್ರಾವತಿಯ ದಾರಿಯಲ್ಲಿ ಮಲವಗೊಪ್ಪ ದಾಟುವಾಗ ಸೀಟಿನಲ್ಲೇ ಆಕೆಯ ತಲೆ ವಾಲುವುದು ಕಣ್ಣಿಗೆ ಕಟ್ಟಿತು. ಬಾಗಿಲಿಗೆ ಬೀಗ ಹಾಕಿ, "ನಾನೂ ಬರ್ತೀನಿ, ನಡೀರಿ" ಎಂದೆ. ಆಗ ಹೆಂಡತಿಯೇ ಗಂಡನಿಗೆ ಹೇಳಿದರು: "ಆ ಹುಡುಗಿ ಕ್ಲಿನಿಕ್ಕನ್ನೇ ಮುಚ್ಚಿ ಬರ್ತಿದಾಳೆ ನೋಡು ಮಾರಾಯ. ಹೋಗೋಣ."

ಆಟೋದಲ್ಲಿ ದಾರಿಯುದ್ದಕ್ಕೂ ಆಕೆಯ ಎದೆಯನ್ನೇ ನೋಡುತ್ತಿದ್ದೆ. ತುರ್ತು ವಿಭಾಗದ ಡಾಕ್ಟರಿಗೆ ನಾನು ತೊದಲುತ್ತ ಹೇಳಿದ್ದನ್ನೆಲ್ಲ ಅವರು ಮತ್ತೆ ಪರೀಕ್ಷಿಸಿದರು. ಜಿಬಿಎಸ್ ಇರಬಹುದು, ದೇಹ ತನ್ನ ನರಗಳ ಮೇಲೆ ತಾನೇ ತಿರುಗಿಬೀಳುವ ಕಾಯಿಲೆ ಎಂದು ಗಂಡನಿಗೆ ವಿವರಿಸಿ ಆಕೆಯನ್ನು ಐಸಿಯುಗೆ ಸೇರಿಸಿದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಆಕೆ ವೆಂಟಿಲೇಟರ್ ಮೇಲಿದ್ದರು. ಸುದ್ದಿ ತಿಳಿದು ದುರ್ಗಿಗುಡಿಯ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಊಹೆ ಸರಿಯಾಯಿತೆಂಬ ಸಮಾಧಾನ ಒಂದಿಷ್ಟೂ ಆಗಲಿಲ್ಲ.

ಮೂರು ವಾರದ ಮೇಲೆ ಉಸಿರಿನ ನಳಿಗೆ ತೆಗೆದರು. ಮನೆಗೆ ಬಂದಾಗ ಆಕೆಗೆ ಹಾಸಿಗೆಯಲ್ಲಿ ಮಗ್ಗುಲಾಗಲೂ ಆಗುತ್ತಿರಲಿಲ್ಲ. ವಾರಕ್ಕೆ ಮೂರು ದಿನ ಕ್ಲಿನಿಕ್ ಮುಗಿಸಿ ಭದ್ರಾವತಿಗೆ ಹೋಗತೊಡಗಿದೆ. ಪ್ರತಿ ಸಲವೂ ಒಂದೊಂದೇ ಕೀಲು ಆಡಿಸಿ, ಸ್ನಾಯುಗಳ ಬಲಕ್ಕೆ ಅಂಕ ಬರೆದುಕೊಳ್ಳುತ್ತಿದ್ದೆ. ಹೆಬ್ಬೆರಳು ಅಲುಗಿದ ದಿನ ಒಂದು ಅಂಕ ಏರಿತು.

ಒಂದು ಶುಕ್ರವಾರ ಹೋದಾಗ ಆಕೆಗೆ ಚಮಚ ಎತ್ತಲೂ ಆಗುತ್ತಿರಲಿಲ್ಲ. ಹಿಂದಿನ ವಾರ ಆಕೆಯೇ ಅನ್ನ ಕಲಸಿ ತಿಂದಿದ್ದರು. ಕಾಯಿಲೆ ಮರುಕಳಿಸಿತೆಂದೇ ಅಂದುಕೊಂಡೆ. ಕೆದಕಿ ಕೇಳಿದಾಗ ಗಂಡ ತಲೆ ತಗ್ಗಿಸಿದರು.

"ನೀವು ವ್ಯಾಯಾಮ ಹತ್ತು ಸಲ ಮಾಡ್ಸಿ ಅಂದಿದ್ರಿ. ಬೇಗ ಆಗ್ಲಿ ಅಂತ ಐವತ್ತೈವತ್ತು ಮಾಡ್ಸಿದೆ."

"ಈ ನರಕ್ಕೆ ಸುಸ್ತು ಮಾಡಿದ್ರೆ ಇನ್ನೂ ಸೋಲುತ್ತೆ ಅಣ್ಣ. ಬೆವರು ಬರೋ ಮೊದ್ಲೇ ನಿಲ್ಲಿಸ್ಬೇಕು."

ಆತ ಅಡುಗೆಮನೆಗೆ ಹೋಗಿ ಅತ್ತದ್ದು ನಮಗಿಬ್ಬರಿಗೂ ಕೇಳಿಸಿತು. ಪೂರ್ತಿ ಎರಡು ದಿನ ವಿಶ್ರಾಂತಿ ಕೊಟ್ಟೆವು. ಮೂರನೆಯ ದಿನ ಕೈ ಎದ್ದಿತು. ಆ ಎರಡು ದಿನ ನಾನೂ ಸರಿಯಾಗಿ ಊಟ ಮಾಡಲಿಲ್ಲ.

ಮೊದಲು ಮಂಚದ ಅಂಚಿನಲ್ಲಿ ಕೂತರು. ಆಮೇಲೆ ಕಿಟಕಿಯ ಸರಳು ಹಿಡಿದು ನಿಂತರು. ಪಾದ ಇಳಿಬೀಳದಂತೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿಕೊಂಡು, ವಾಕರ್ ಹಿಡಿದು ಅಂಗಳದವರೆಗೆ ನಡೆದಾಗ ಏಳು ತಿಂಗಳಾಗಿತ್ತು. ಮಗಳು ಹಿಂದೆಯೇ ಕುರ್ಚಿ ಹಿಡಿದು ಬರುತ್ತಿದ್ದಳು. ವರ್ಷ ತುಂಬುವಾಗ ವಾಕರ್ ಬಿಟ್ಟರು. ಎಡಗಾಲಿನ ಪಟ್ಟಿ ಮಾತ್ರ ಉಳಿಯಿತು.

ನನ್ನ ಕೊನೆಯ ಭೇಟಿಯ ದಿನ ಟೀ ಕುಡಿಯುತ್ತ ಆಕೆ ಕೇಳಿದರು: "ಮತ್ತೆ ಬರುತ್ತಾ ಇದು?"

ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ, ಆದರೆ ಅದು ಸುಳ್ಳಾಗುತ್ತಿತ್ತು. "ಬರೋದು ತುಂಬಾ ಅಪರೂಪ ಅಕ್ಕ. ಬರೋದೇ ಇಲ್ಲ ಅಂತ ಹೇಳೋಕಾಗಲ್ಲ."

ಆಕೆ ಟೀ ಲೋಟ ಕೆಳಗಿಟ್ಟರು. ಆಮೇಲೆ ಮಗಳಿಂದ ನೋಟ್‌ಬುಕ್ ಇಸಿದುಕೊಂಡು ನನ್ನ ಮುಂದಿಟ್ಟರು. "ಏನೇನು ಕಂಡ್ರೆ ಓಡಿ ಬರ್ಬೇಕು, ಅದನ್ನ ಬರೆದುಕೊಡಿ. ಇವರಿಗೂ ಓದೋಕೆ ಬರೋ ಹಾಗೆ, ದೊಡ್ಡಕ್ಷರದಲ್ಲಿ."

ಬರೆದುಕೊಟ್ಟೆ. ಆತ ಅದನ್ನು ಎರಡು ಸಲ ಗಟ್ಟಿಯಾಗಿ ಓದಿ, ಬೀರುವಿನ ಬಾಗಿಲಿಗೆ ಅಂಟಿಸಿದರು.