ಕೆಂಪು ಕಾಲಿನ ಗುಬ್ಬಚ್ಚಿಗಳು

ಗುಬ್ಬಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕಿಯಾಗಿ ಸೇರಿದಾಗ ನನಗೆ ಇಪ್ಪತ್ತನಾಲ್ಕು ವರ್ಷ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಮನೆ ಕುಣಿಗಲ್ಲಿನಲ್ಲಿ. ನಾನು ಮಾತ್ರ ಕ್ಯಾತ್ಸಂದ್ರದಲ್ಲಿ ಇನ್ನಿಬ್ಬರು ಟೀಚರುಗಳ ಜೊತೆ ಒಂದು ಬಾಡಿಗೆ ಕೋಣೆಯಲ್ಲಿದ್ದೆ. ಬೆಳಿಗ್ಗೆ ಪ್ಯಾಸೆಂಜರ್ ರೈಲು ಹತ್ತಿ ಗುಬ್ಬಿಯಲ್ಲಿ ಇಳಿಯುವುದು, ಸಂಜೆ ಅದೇ ರೈಲಿಗಾಗಿ ಕಾದು ಕಾದು ಕಡಲೆಕಾಯಿ ತಿನ್ನುವುದು. ಗುಬ್ಬಿಯಲ್ಲಿ ಕೆಲಸ ಎಂದರೆ ಸಾಕು, ಕೇಳಿದವರೆಲ್ಲ ಗುಬ್ಬಚ್ಚಿಯ ತಮಾಷೆ ಮಾಡುತ್ತಿದ್ದರು. ಆ ತಮಾಷೆ ಒಂದು ವರ್ಷ ನಿಜವೇ ಆಗಿಹೋಯಿತು.

ಅದಕ್ಕೆ ಕಾರಣ ನಮ್ಮ ಗಣಿತದ ಮೇಷ್ಟ್ರು. ಐವತ್ತರ ಹತ್ತಿರದ ಬಡಕಲು ಮನುಷ್ಯ, ಅಂಗಿಯ ತೋಳಿನ ತುಂಬ ಸೀಮೆಸುಣ್ಣ. ಬೆಂಗಳೂರಿನ ಅವರ ಸ್ನೇಹಿತರೊಬ್ಬರು ಹಳೆಯ ವಿಜ್ಞಾನ ಪತ್ರಿಕೆಗಳನ್ನು ಕಟ್ಟು ಕಟ್ಟಿ ಬಸ್ಸಿನಲ್ಲಿ ಕಳಿಸುತ್ತಿದ್ದರು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನಾವೆಲ್ಲ ಡಬ್ಬಿ ಬಿಚ್ಚುತ್ತಿದ್ದಂತೆ ಮೇಷ್ಟ್ರು ಪತ್ರಿಕೆ ಬಿಚ್ಚುತ್ತಿದ್ದರು. ಯಾವ ನಕ್ಷೆಗಾದರೂ ನಾಲ್ಕೇ ಬಣ್ಣ ಸಾಕು ಎಂದು ಕಂಪ್ಯೂಟರಿನ ಸಹಾಯದಿಂದ ಸಾಧಿಸಿಬಿಟ್ಟಿದ್ದಾರೆ ಎಂದು ಒಂದು ದಿನ. ಕೋಲಾರದ ಚಿನ್ನದ ಗಣಿಯ ಆಳದಲ್ಲಿ ಕೂತು, ಪ್ರೋಟಾನಿಗೂ ಸಾವುಂಟೋ ಎಂದು ಕಾಯುತ್ತಿದ್ದಾರೆ ಎಂದು ಇನ್ನೊಂದು ದಿನ. ಉಪ್ಪು ಸಕ್ಕರೆ ಬೆರೆಸಿದ ನೀರು ಕಾಲರಾ ರೋಗಿಯ ಜೀವ ಉಳಿಸುತ್ತದೆ ಎಂಬುದನ್ನು ಓದಿದ ದಿನವಂತೂ ಅವರು ಮಜ್ಜಿಗೆ ಲೋಟ ಕೈಯಲ್ಲಿ ಹಿಡಿದು ಅರ್ಧ ಗಂಟೆ ಭಾಷಣ ಮಾಡಿದರು. ಕನ್ನಡ ಪಂಡಿತರು, "ಮೇಷ್ಟ್ರೇ, ಆ ಪ್ರೋಟಾನು ಸಾಯೋದ್ರೊಳಗೆ ನಿಮ್ಮ ಅನ್ನ ಆರೋಗ್ತದೆ, ಉಣ್ಣಿ" ಎನ್ನುತ್ತಿದ್ದರು.

ಒಂದು ದಿನ ಅವರು ಓದಿದ್ದು ಕಾಡುಪ್ರಾಣಿಗಳನ್ನು ಎಣಿಸುವ ಬಗ್ಗೆ. ಒಂದಷ್ಟು ಪ್ರಾಣಿಗಳನ್ನು ಹಿಡಿದು, ಗುರುತು ಹಾಕಿ ಬಿಟ್ಟುಬಿಡುವುದು. ಕೆಲವು ದಿನ ಕಳೆದು ಮತ್ತೆ ಹಿಡಿಯುವುದು. ಸಿಕ್ಕವುಗಳಲ್ಲಿ ಗುರುತಿನವು ಎಷ್ಟು ಎಂದು ನೋಡಿದರೆ ಒಟ್ಟು ಎಷ್ಟಿವೆ ಎಂದು ಗೊತ್ತಾಗುತ್ತದೆ.

"ನೋಡಮ್ಮಾ, ನಿನ್ನ ಶಾಸ್ತ್ರ ನನ್ನ ಶಾಸ್ತ್ರ ಎರಡೂ ಸೇರೋ ಜಾಗ ಇದು" ಎಂದು ಅವರು ನನ್ನ ಕಡೆ ತಿರುಗಿದರು. "ಇಲ್ಲಿ ಹುಲಿ ಸಿಂಹ ಎಲ್ಲಿ ಬರ್ಬೇಕು? ಗುಬ್ಬೀಲಿ ಗುಬ್ಬಚ್ಚಿ ಎಷ್ಟಿವೆ, ಅದನ್ನೇ ಎಣಿಸಿಬಿಡೋಣ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ರೈಲಿನಲ್ಲಿ ಕೂತಾಗ ಅದೇ ಯೋಚನೆ. ಎಂ.ಎಸ್ಸಿ. ಮುಗಿಸಿದ ಮೇಲೆ ಕಪ್ಪೆ ಕೊಯ್ದು ತೋರಿಸುವುದು ಬಿಟ್ಟು ನಾನು ಬೇರೇನೂ ಮಾಡಿರಲಿಲ್ಲ. ಮಾರನೆಯ ದಿನ ಮೇಷ್ಟ್ರ ಮುಂದೆ ನಿಂತು, "ಸರ್, ನಿಜವಾಗಿ ಮಾಡೋಣ್ವಾ?" ಎಂದೆ.

ಇಡೀ ಊರನ್ನು ಎಣಿಸುವುದು ಆಗದ ಮಾತು. ಮಾರುಕಟ್ಟೆಯ ಹತ್ತಿರ ಧಾನ್ಯದ ಮಂಡಿಗಳ ಒಂದು ಬೀದಿಯಿತ್ತು. ಅಷ್ಟನ್ನೇ ಆರಿಸಿಕೊಂಡೆವು. ಅಲ್ಲಿಯ ದೊಡ್ಡ ಮಂಡಿ ಒಬ್ಬ ಸಾಹೇಬರದು. ಅರವತ್ತು ದಾಟಿದ್ದ ಅವರನ್ನು ಊರಿನವರೆಲ್ಲ ಸಾಹೇಬರು ಎಂದೇ ಕರೆಯುತ್ತಿದ್ದರು. ಬಿಳಿ ಟೋಪಿ, ನರೆತ ಗಡ್ಡ. ಮಂಡಿಯ ಹಿಂದಿನ ಅಂಗಳದಲ್ಲಿ ರಾಗಿ ಕೇರಿ ಹಸನು ಮಾಡುವ ಹೆಂಗಸರು ಕೂರುತ್ತಿದ್ದರು. ಅವರ ಸುತ್ತ ಗುಬ್ಬಚ್ಚಿಗಳ ಸಂತೆ.

ನಾವು ಹೇಳಿದ್ದನ್ನೆಲ್ಲ ಕೇಳಿದ ಸಾಹೇಬರು ಗಡ್ಡ ಸವರಿಕೊಂಡು, "ಹಿಡಿದು ಏನ್ಮಾಡ್ತೀರಿ? ತಿನ್ನೋದಿಲ್ಲ ತಾನೆ?" ಎಂದರು.

"ಅಯ್ಯೋ, ಇಲ್ಲ. ಕಾಲಿಗೆ ಬಣ್ಣ ಹಚ್ಚಿ ಬಿಟ್ಬಿಡ್ತೀವಿ" ಎಂದೆ ನಾನು.

"ಬಣ್ಣ ಹಚ್ಚಿದ್ರೆ ಲೆಕ್ಕ ಹೆಂಗ್ ಸಿಗ್ತದೆ?"

ಮೇಷ್ಟ್ರು ಕಾಯುತ್ತಿದ್ದದ್ದೇ ಆ ಪ್ರಶ್ನೆಗೆ. ಒಂದು ಸೇರಿನ ತುಂಬ ಅಲಸಂದೆ ಕಾಳು ತರಿಸಿದರು. ಒಂದು ಹಿಡಿ ಕಾಳನ್ನು ಎಣಿಸಿ, ಕೆಂಪು ಶಾಯಿ ಬಳಿದು, ಒಣಗಿಸಿ, ಮತ್ತೆ ಸೇರಿಗೆ ಹಾಕಿ ಕಲಸಿದರು. "ಈಗ ಕಣ್ಮುಚ್ಚಿ ಒಂದು ಹಿಡಿ ತೆಗೀರಿ ಸಾಹೇಬ್ರೇ. ಹಿಡೀಲಿ ಹತ್ತಕ್ಕೊಂದು ಕೆಂಪು ಬಂದ್ರೆ ಸೇರಿನಲ್ಲೂ ಹತ್ತಕ್ಕೊಂದು ಕೆಂಪು ಅಂತ ಅರ್ಥ. ನಾನು ಎಷ್ಟು ಕಾಳಿಗೆ ಬಣ್ಣ ಹಚ್ಚಿದೀನಿ ನನಗ್ ಗೊತ್ತು. ಅದರ ಹತ್ತರಷ್ಟು ಸೇರಿನಲ್ಲಿದೆ."

ಸಾಹೇಬರು ತೆಗೆದರು, ಎಣಿಸಿದರು. ಲೆಕ್ಕ ಹಾಕಿ, ನಂಬದೆ ಸೇರನ್ನು ಗೋಣಿಯ ಮೇಲೆ ಸುರಿದು ಎಲ್ಲ ಕಾಳನ್ನೂ ಎಣಿಸಿ ನೋಡಿದರು. ಹೆಚ್ಚುಕಡಿಮೆ ಸರಿಯಾಗಿತ್ತು. "ಭೇಷ್!" ಎಂದು ಗಟ್ಟಿಯಾಗಿ ನಕ್ಕು, "ಅಂಗಳ ನಿಮ್ದೇ" ಎಂದರು.

ಬಲೆಯನ್ನು ನಾನು ಎಂ.ಎಸ್ಸಿ. ಓದಿದ್ದ ವಿಭಾಗದಿಂದ ಬೇಡಿ ತಂದೆ. ಕೂದಲೆಳೆಯಂಥ ನೂಲಿನ ಬಲೆ, ಗಾಳಿಯಲ್ಲಿ ಕಟ್ಟಿದರೆ ಕಣ್ಣಿಗೇ ಕಾಣುವುದಿಲ್ಲ. ಬಣ್ಣಕ್ಕೆ ಉಗುರಿನ ಪಾಲಿಷ್. ಬಳೆ ಅಂಗಡಿಯಲ್ಲಿ ಕಡುಗೆಂಪಿನ ಎಂಟು ಸೀಸೆ ಕೇಳಿದಾಗ ಅಂಗಡಿಯವಳು ನನ್ನ ಬರಿಯ ಉಗುರುಗಳನ್ನೂ ಮುಖವನ್ನೂ ಸರದಿಯಂತೆ ನೋಡಿದಳು.

ದಸರಾ ರಜೆಯಲ್ಲಿ ದಿನವೂ ಬೆಳಿಗ್ಗೆ ಅಂಗಳದಲ್ಲಿ ಬಲೆ ಕಟ್ಟಿದೆವು. ಹಕ್ಕಿ ಸಿಕ್ಕಿದ ಕೂಡಲೆ ಬಿಡಿಸಿಕೊಂಡು, ಅಂಗೈಯಲ್ಲಿ ಮೃದುವಾಗಿ ಹಿಡಿದು, ಎರಡೂ ಕಾಲಿಗೆ ಪಾಲಿಷ್ ಹಚ್ಚಿ, ಬಾಯಿಂದ ಉಫ್ ಎಂದು ಊದಿ ಒಣಗಿಸಿ ಬಿಡುವುದು. ಅಂಗೈಯೊಳಗೆ ಆ ಪುಟ್ಟ ಎದೆ ಜೋರಾಗಿ ಬಡಿದುಕೊಳ್ಳುತ್ತಿತ್ತು. ಮೇಷ್ಟ್ರು ನೋಟ್ ಬುಕ್ಕಿನಲ್ಲಿ ಗೀಟು ಹಾಕುತ್ತ ಹೋದರು. ರಾಗಿ ಕೇರುವ ಹೆಂಗಸರಿಗೆ ಅದು ಬಿಟ್ಟಿ ನಾಟಕ.

"ಮೇಡಮ್ಮು ಗುಬ್ಬಿಗೆ ಮದುವೆ ಮಾಡ್ತಾವ್ರೆ ಕಣೇ" ಎಂದಳು ಒಬ್ಬಳು.

"ಹೆಣ್ಣಿಗೆ ಹಚ್ಲಿ ಬುಡು, ಗಂಡ್ಗೂ ಹಚ್ತಾವ್ರಲ್ಲೇ!" ಎಂದಳು ಇನ್ನೊಬ್ಬಳು. ಅಂಗಳವೆಲ್ಲ ನಗು.

ಈ ಸುದ್ದಿ ಕುಣಿಗಲ್ ಮುಟ್ಟಲು ಒಂದು ವಾರವೂ ಬೇಕಾಗಲಿಲ್ಲ. ಭಾನುವಾರ ಮನೆಗೆ ಹೋದಾಗ ಅಮ್ಮ ರೊಟ್ಟಿ ತಟ್ಟುತ್ತಲೇ, "ಅಷ್ಟೊಂದು ಓದ್ಸಿದ್ದು ಗುಬ್ಬಿ ಕಾಲಿಗೆ ಬಣ್ಣ ಹಚ್ಚೋಕೇನೇ?" ಎಂದಳು. ನಾನು ವಿವರಿಸಿದೆ. ಅಮ್ಮ ಎಲ್ಲ ಕೇಳಿ, "ಎಣಿಸಿದ್ಮೇಲೆ ಏನ್ಮಾಡ್ತೀಯ?" ಎಂದಳು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಅರವತ್ತು ಗುಬ್ಬಚ್ಚಿಗಳ ಕಾಲು ಕೆಂಪಾದ ಮೇಲೆ ನಿಲ್ಲಿಸಿದೆವು. ಎರಡು ವಾರ ಬಿಟ್ಟು ಮತ್ತೆ ಬಲೆ ಕಟ್ಟಿದೆವು. ಮೂರು ಬೆಳಗಿನಲ್ಲಿ ನಲವತ್ತು ಹಕ್ಕಿ ಬಿದ್ದವು. ಅವುಗಳಲ್ಲಿ ಕೆಂಪು ಕಾಲಿನದು ಒಂದೇ ಒಂದು.

ಮೇಷ್ಟ್ರು ಗುಣಿಸಿ ಭಾಗಿಸಿ ತಲೆಯೆತ್ತಿದರು. "ಎರಡು ಸಾವಿರದ ನಾನೂರು."

"ಈ ಒಂದು ಬೀದೀಲಾ ಸರ್?"

"ಲೆಕ್ಕ ಹಾಗೆ ಹೇಳ್ತಿದೆ."

ನಾನು ಆ ಬೀದಿಯ ಉದ್ದಕ್ಕೂ ನೋಡಿದೆ. ನೂರು ಹೆಜ್ಜೆಯ ಬೀದಿ. ಅಷ್ಟು ಹಕ್ಕಿಗಳಿದ್ದರೆ ಆಕಾಶ ಕಾಣುತ್ತಿರಲಿಲ್ಲ. ಪಾಲಿಷ್ ಉದುರಿಹೋಗಿರಬೇಕು, ಇಲ್ಲವೇ ಬಣ್ಣ ಹಚ್ಚಿದವು ಸತ್ತಿರಬೇಕು ಎಂದು ನನಗೆ ಅಳುವೇ ಬಂದಂತಾಯಿತು. ಮೇಷ್ಟ್ರಿಗೆ ಅದನ್ನೇ ಹೇಳಿದೆ. ಲೆಕ್ಕ ತಪ್ಪು ಎಂದದ್ದಷ್ಟೇ ಅವರಿಗೆ ಕೇಳಿಸಿತೆಂದು ಕಾಣುತ್ತದೆ.

"ಸೂತ್ರದಲ್ಲಿ ತಪ್ಪಿಲ್ಲಮ್ಮಾ. ಬೇಕಾದ್ರೆ ನೀನೇ ಹಾಕಿ ನೋಡು."

"ಸೂತ್ರ ಸರಿ ಇರಬಹುದು ಸರ್. ಗುಬ್ಬಚ್ಚಿ ಸೂತ್ರ ಓದಿಲ್ವಲ್ಲ" ಎಂದುಬಿಟ್ಟೆ. ನನ್ನ ತಂದೆಯ ವಯಸ್ಸಿನವರಿಗೆ ಆಡಬಾರದ ದನಿಯಲ್ಲಿ ಆಡಿದ್ದೆ. ಅವರು ನೋಟ್ ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದರು.

ಒಂದು ವಾರ ಸ್ಟಾಫ್ ರೂಮಿನಲ್ಲಿ ಪತ್ರಿಕೆ ಓದುವ ದನಿಯೇ ಇಲ್ಲ. ಮೇಷ್ಟ್ರು ಕಿಟಕಿಯ ಕಡೆ ಮುಖ ಮಾಡಿ ಊಟ ಮಾಡುತ್ತಿದ್ದರು, ನಾನು ಬಾಗಿಲ ಕಡೆ. ಕನ್ನಡ ಪಂಡಿತರು ಇಬ್ಬರನ್ನೂ ನೋಡಿ, ಉಪ್ಪಿನಕಾಯಿ ಯಾರಿಗೆ ಮೊದಲು ಕೊಡಬೇಕೆಂದು ತಿಳಿಯದೆ ತಾವೇ ತಿಂದು ಮುಗಿಸುತ್ತಿದ್ದರು.

ಬಲೆಯ ಕೋಲುಗಳು ಮಂಡಿಯಲ್ಲೇ ಉಳಿದಿದ್ದವು. ಶನಿವಾರ ಅವನ್ನು ತರಲು ಹೋದೆ. ಸಾಹೇಬರು ಚಹಾ ತರಿಸಿ, "ಎಲ್ಲಿ ಮೇಷ್ಟ್ರು? ಲೆಕ್ಕ ಎಷ್ಟಾಯ್ತು?" ಎಂದರು. ಹೇಳಿದೆ.

ಅವರು ಚಹಾದ ಲೋಟ ಕೆಳಗಿಟ್ಟರು. "ಎರಡೂವರೆ ಸಾವಿರ ಗುಬ್ಬಿ ಇದ್ರೆ ನನ್ ಮಂಡೀಲಿ ರಾಗಿ ಉಳೀತಿತ್ತಾ ಅಮ್ಮಾ?"

"ಬಣ್ಣ ಹಚ್ಚಿದ್ವು ಸತ್ತುಹೋದ್ವು ಅನ್ಸುತ್ತೆ ಸಾಹೇಬ್ರೇ."

"ಸತ್ತುಹೋದ್ವಾ? ಯಾರ್ ಹೇಳಿದ್ದು? ಬನ್ನಿ ಇಲ್ಲಿ." ಅವರು ನನ್ನನ್ನು ತಾವು ಕೂರುವ ಗದ್ದಿಗೆಯ ಪಕ್ಕ ಕೂರಿಸಿ ಅಂಗಡಿಯ ಮುಂದೆ ಚೆಲ್ಲಿದ್ದ ಕಾಳಿನ ಕಡೆ ಬೆರಳು ತೋರಿಸಿದರು. ಗುಬ್ಬಚ್ಚಿಗಳು ಕುಪ್ಪಳಿಸುತ್ತ ಹೆಕ್ಕುತ್ತಿದ್ದವು. ಅಲ್ಲೊಂದು ಕೆಂಪು ಕಾಲು. ಅಗೋ ಇನ್ನೊಂದು. ಗೋಣಿಯ ಮೇಲೆ ಎರಡು.

"ದಿನಾ ನೋಡ್ತೀನಿ. ಅದೋ, ಬೆರಳು ಸೊಟ್ಟಗಿದೆಯಲ್ಲ, ಆ ಗಂಡು ಗುಬ್ಬಿ ನನ್ ಮೇಜಿನವರೆಗೂ ಬರ್ತದೆ. ಆದ್ರೆ ನೀವು ಹಿಂದ್ಗಡೆ ಕೋಲು ನೆಟ್ಟ ತಕ್ಷಣ ಈ ಕೆಂಪ್ ಕಾಲಿನವೆಲ್ಲಾ ತೊಲೆ ಮೇಲೆ ಹೋಗಿ ಕೂತ್ಬಿಡ್ತವೆ. ಒಂದ್ಸಲ ಸಿಕ್ಕಾಕ್ಕೊಂಡಿದ್ವು ನೋಡಿ. ಬಲೇಗೆ ಬೀಳೋವು ಹೊಸವು."

ಸಾಹೇಬರು ಮುಗುಳ್ನಕ್ಕು, "ಅಲಸಂದೆ ಕಾಳಿಗೆ ಬುದ್ಧಿ ಇಲ್ಲ ಅಮ್ಮಾ. ಗುಬ್ಬಿಗೆ ಇದೆ" ಎಂದರು.

ಚಹಾ ಅರ್ಧಕ್ಕೇ ಬಿಟ್ಟು ಮೇಷ್ಟ್ರ ಮನೆಗೆ ಓಡಿದೆ. ಅವರು ಪಂಚೆ ಉಟ್ಟು ತೆಂಗಿನಕಾಯಿ ಸುಲಿಯುತ್ತಿದ್ದರು. ಮೊದಲು ಕ್ಷಮೆ ಕೇಳಬೇಕೆಂದುಕೊಂಡಿದ್ದೆ, ಬಾಯಿಂದ ಬಂದದ್ದು ಮಾತ್ರ "ಸರ್, ಅವು ಸತ್ತಿಲ್ಲ!" ಎಂದು. ಸಾಹೇಬರು ಹೇಳಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದೆ. ಮೇಷ್ಟ್ರು ಅರ್ಧ ಸುಲಿದ ಕಾಯಿ ಹಿಡಿದೇ ಜಗುಲಿಯ ಮೇಲೆ ಕೂತರು.

"ಎರಡನೇ ಸಲ ಎಲ್ಲಕ್ಕೂ ಬಲೆಗೆ ಸಿಗೋ ಅವಕಾಶ ಒಂದೇ ಇರ್ಬೇಕು. ಅದು ಷರತ್ತು" ಎಂದು ತಮಗೇ ಹೇಳಿಕೊಂಡರು. "ನಾನೇ ಓದಿ ಹೇಳಿದ ಷರತ್ತು. ನಾನೇ ಮರೆತೆ." ಆಮೇಲೆ ನನ್ನ ಕಡೆ ನೋಡಿ, "ಗುಬ್ಬಚ್ಚಿ ಸೂತ್ರ ಓದಿಲ್ಲ ಅಂದ್ಯಲ್ಲ, ಸರಿಯಾಗೇ ಅಂದೆ. ಒಳಗ್ ಬಾ, ಕಾಫಿ ಕುಡಿ" ಎಂದರು.

ಎರಡನೇ ಸಲ ಹಿಡಿಯುವ ಅಗತ್ಯವೇ ಇರಲಿಲ್ಲ, ನೋಡಿದರೆ ಸಾಕಿತ್ತು. ಮುಂದಿನ ವಾರವೆಲ್ಲ ಸಾಹೇಬರ ಗದ್ದಿಗೆಯ ಪಕ್ಕದ ಬೆಂಚಿನಲ್ಲಿ ನಾನು, ಎದುರು ಮಂಡಿಯ ಕಟ್ಟೆಯ ಮೇಲೆ ಮೇಷ್ಟ್ರು. ಕಾಳು ಹೆಕ್ಕಲು ಬಂದ ಹಿಂಡಿನಲ್ಲಿ ಒಟ್ಟು ಎಷ್ಟು, ಕೆಂಪು ಕಾಲು ಎಷ್ಟು ಎಂದು ಬರೆದುಕೊಳ್ಳುವುದು. ಸಾಹೇಬರು ಗಿರಾಕಿಯ ಜೊತೆ ಮಾತಾಡುತ್ತಲೇ ನಮಗಿಂತ ಮೊದಲು "ಮೂರು ಕೆಂಪು!" ಎನ್ನುತ್ತಿದ್ದರು. ಐದಕ್ಕೆ ಒಂದು ಕೆಂಪು ಎಂದು ಲೆಕ್ಕ ನಿಂತಿತು. ಅಂದರೆ ಬೀದಿಗೆ ಮುನ್ನೂರು ಹಕ್ಕಿ. ಸಾಹೇಬರು ತಲೆದೂಗಿ, "ಇದು ಲೆಕ್ಕ" ಎಂದರು.

ಆ ಚಳಿಗಾಲ ತುಮಕೂರಿನಲ್ಲಿ ಕಾಲೇಜು ಅಧ್ಯಾಪಕರ ವಿಜ್ಞಾನ ಗೋಷ್ಠಿಯೊಂದಿತ್ತು. ನಾವು ಪ್ರಬಂಧ ಓದುವುದೆಂದಾಯಿತು. ಮೇಷ್ಟ್ರು ಹಟ ಮಾಡಿ ಸಾಹೇಬರನ್ನೂ ಕರೆದುಕೊಂಡು ಬಂದರು. ಅವರು ಇಸ್ತ್ರಿ ಮಾಡಿದ ಶೇರ್ವಾನಿ ತೊಟ್ಟು ಮೊದಲ ಸಾಲಿನಲ್ಲಿ ಕೂತರು. ನಾನು ಇಂಗ್ಲಿಷಿನಲ್ಲಿ ಓದಿ ಮುಗಿಸಿದೆ. ಬೆಂಗಳೂರಿನಿಂದ ಬಂದಿದ್ದ ಪ್ರೊಫೆಸರೊಬ್ಬರು ಎದ್ದು ನಿಂತರು. ಗುಬ್ಬಚ್ಚಿಗಳು ಮಣ್ಣಿನಲ್ಲಿ ಹೊರಳಾಡುತ್ತವೆ, ಉಗುರಿನ ಪಾಲಿಷ್ ಅಷ್ಟು ದಿನ ಉಳಿಯಿತೆಂದು ಹೇಗೆ ಹೇಳುತ್ತೀರಿ ಎಂದು ಕೇಳಿದರು.

ಸರಿಯಾದ ಪ್ರಶ್ನೆಯೇ. ನಾನು ಮೇಷ್ಟ್ರ ಮುಖ ನೋಡಿದೆ, ಮೇಷ್ಟ್ರು ಸಾಹೇಬರ ಕಿವಿಯಲ್ಲಿ ಆ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದರು. ಸಾಹೇಬರು ನಿಧಾನವಾಗಿ ಎದ್ದು ನಿಂತರು.

"ಸ್ವಾಮಿ, ನಂಗೆ ಇಂಗ್ಲಿಷ್ ಬರಲ್ಲ. ಬೆರಳು ಸೊಟ್ಟ ಇರೋ ಒಂದ್ ಗುಬ್ಬಿ ಐತೆ. ಅದ್ಕೆ ಬಣ್ಣ ಹಚ್ಚಿದ್ದು ದಸರಾದಲ್ಲಿ. ನಿನ್ನೆ ಬೆಳಿಗ್ಗೇನೂ ನನ್ ಮೇಜಿನ್ ಮೇಲೆ ಬಂದು ನುಚ್ಚು ತಿಂತು. ಒಂದ್ ಕಾಲಲ್ಲಿ ಸ್ವಲ್ಪ ಎದ್ದೋಗಿದೆ, ಇನ್ನೊಂದ್ ಕಾಲು ಹಂಗೇ ಕೆಂಪಗಿದೆ. ಅದ್ಕೇ ಇವರು ಎರಡೂ ಕಾಲಿಗೆ ಹಚ್ಚಿದ್ದು. ನಂಬಿಕೆ ಇಲ್ದಿದ್ರೆ ಗುಬ್ಬಿಗೆ ಬನ್ನಿ, ಬಿರಿಯಾನಿ ಊಟ ಹಾಕಿ ತೋರಿಸ್ತೀನಿ."

ಸಭೆ ನಕ್ಕಿತು. ಪ್ರೊಫೆಸರೂ ನಕ್ಕರು. ಎರಡೂ ಕಾಲಿಗೆ ಹಚ್ಚಿದ್ದಕ್ಕೆ ಅಂಥ ಮುಂದಾಲೋಚನೆ ಏನೂ ಇರಲಿಲ್ಲ. ಒಂದೇ ಕಾಲು ಕೆಂಪಾದರೆ ಚೆನ್ನಾಗಿ ಕಾಣುವುದಿಲ್ಲ ಎಂದು ನಾನೇ ಹಚ್ಚಿದ್ದು. ಅದನ್ನು ನಾನು ಅಲ್ಲಿ ಹೇಳಲಿಲ್ಲ. ಪ್ರೊಫೆಸರು ಮುಂದಿನ ತಿಂಗಳು ನಿಜವಾಗಿಯೂ ಬಂದರು. ಆ ಹಕ್ಕಿಯನ್ನು ನೋಡಿದರು, ಊಟ ಮಾಡಿದರು, ಹೋಗುವಾಗ ನನಗೆ ಸಂಶೋಧನೆ ಮುಂದುವರಿಸಲು ಅರ್ಜಿ ಹಾಕು ಎಂದರು. ಹಾಕಿದೆ. ಆಮೇಲಿನ ನನ್ನ ಬದುಕೆಲ್ಲ ಹಕ್ಕಿಗಳ ಹಿಂದೆಯೇ ಕಳೆಯಿತು.

ಪ್ರಬಂಧ ಒಂದು ಚಿಕ್ಕ ಪತ್ರಿಕೆಯಲ್ಲಿ ಎರಡೂವರೆ ಪುಟದ ಟಿಪ್ಪಣಿಯಾಗಿ ಅಚ್ಚಾಯಿತು. ಕೊನೆಯಲ್ಲಿ ಸಾಹೇಬರ ಹೆಸರು, ಧಾನ್ಯ ವ್ಯಾಪಾರಿ, ಗುಬ್ಬಿ ಎಂದು ಬರೆದು, ಬಣ್ಣದ ಹಕ್ಕಿಗಳು ಬಲೆ ತಪ್ಪಿಸುವುದನ್ನು ಗಮನಿಸಿದವರು ಅವರೇ ಎಂದು ಕೃತಜ್ಞತೆ ಹೇಳಿದ್ದೆವು. ಪತ್ರಿಕೆಯ ಪ್ರತಿ ಕೈಗೆ ಬಂದ ದಿನ ಮೇಷ್ಟ್ರೂ ನಾನೂ ಮಂಡಿಗೆ ಹೋದೆವು. ಸಾಹೇಬರು ಕನ್ನಡಕ ಏರಿಸಿ, "ಇದ್ರಲ್ಲಿ ನಂದು ಯಾವ ಸಾಲು?" ಎಂದರು. ಮೇಷ್ಟ್ರು ಬೆರಳಿಟ್ಟು ತೋರಿಸಿ ಓದಿ, ಕನ್ನಡದಲ್ಲಿ ಹೇಳಿದರು. ಇನ್ನೊಮ್ಮೆ ಓದಿ ಎಂದರು ಸಾಹೇಬರು. ಅಷ್ಟರಲ್ಲಿ ಸಿ.ಎಸ್. ಪುರದಿಂದ ಗಾಡಿಯಲ್ಲಿ ರಾಗಿ ತಂದಿದ್ದ ರೈತರೊಬ್ಬರು ಒಳಗೆ ಬಂದರು. ಸಾಹೇಬರು ಅವರನ್ನು ಕೂರಿಸಿ, ಚಹಾ ಹೇಳಿ, ಪತ್ರಿಕೆಯನ್ನು ಅವರ ಮುಂದೆ ಬಿಡಿಸಿದರು. ರಾಗಿಯ ಮಾತು ಬರಲು ಬಹಳ ಹೊತ್ತಾಯಿತು. ಅಂದು ಎರಡು ಗಂಟೆಯ ತರಗತಿಗೆ ನಾವಿಬ್ಬರೂ ತಡವಾಗಿ ಹೋದೆವು.