ಒಲೆಯ ಹತ್ತಿರ ಬಾರದ ಅಡುಗೆಯವರು

ಎಪ್ಪತ್ತರ ದಶಕದ ಕೊನೆಯಲ್ಲಿ ಹರಪನಹಳ್ಳಿಯ ನಮ್ಮ ಶಾಲೆಯಲ್ಲಿ ಪ್ರತಿ ಬೇಸಿಗೆಗೂ ಮಕ್ಕಳ ಶಿಬಿರ ನಡೆಯುತ್ತಿತ್ತು. ಮೇಲ್ವಿಚಾರಣೆ ನನ್ನದು. ಆ ಹದಿನೈದು ದಿನಗಳಿಗೆಂದೇ ತಂಬ್ರಹಳ್ಳಿಯಿಂದ ಬರುತ್ತಿದ್ದ ಮುಖ್ಯ ಅಡುಗೆಯವರು ತಮ್ಮ ಕೈಕೆಳಗಿನವರಿಗೆಲ್ಲ ಒಂದು ಕಟ್ಟಳೆ ಹಾಕಿದ್ದರು: ಶಿಬಿರ ಮುಗಿಯುವವರೆಗೆ ಯಾರೂ ಕುಡಿಯಬಾರದು. ಬೆಳಿಗ್ಗೆ ಒಬ್ಬೊಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಬಾಯಿ ಮೂಸಿ ನೋಡುತ್ತಿದ್ದರು. “ಮಕ್ಕಳು ಉಣ್ಣೋ ಅನ್ನ ಐತ್ರಪಾ ಇದು,” ಎನ್ನುತ್ತಿದ್ದರು. ಒಮ್ಮೆ ಸ್ವಂತ ತಮ್ಮನನ್ನೇ ಮನೆಗೆ ಕಳಿಸಿದ್ದರು.

ಒಂದು ವರ್ಷ ಶಿಬಿರದ ನಡುವೆಯೇ, ಅವರ ಮಗಳು ಹೆರಿಗೆಯಲ್ಲಿ ತೀರಿಕೊಂಡ ಸುದ್ದಿ ಬಂತು. ಊರಿಗೆ ಹೋದವರು ಮರುದಿನ ಮೊದಲ ಬಸ್ಸಿಗೇ ಬಂದುಬಿಟ್ಟರು. ಆದರೆ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ.

“ಮಣ್ಣು ಮಾಡಿ ಬಂದ ಮ್ಯಾಲೆ ಹಿರೇರು ಸಾರಾಯಿ ಕುಡಿಸಿದ್ರು, ಮೇಷ್ಟ್ರ. ಬ್ಯಾಡ ಅನ್ನಾಕ ಆಗಲಿಲ್ಲ. ನಾನು ಒಳಗ ಬರಾಂಗಿಲ್ರಿ.”

“ಇರ್ಲಿ ಬರ್ರಿ, ಇಂಥಾ ಹೊತ್ನಾಗ ಯಾರು ಏನಂತಾರ?” ಎಂದೆ.

“ತಮ್ಮಗೊಂದು ಕಾಯ್ದೆ, ನನಗೊಂದು ಕಾಯ್ದೆ ಆಗಬಾರ್ದ್ರಿ.”

ಹೊರಗೆ ಬೇವಿನ ಮರದಡಿ ಕೂತು, ಉಪ್ಪು ಎಷ್ಟು, ಹುಳಿ ಎಷ್ಟು ಎಂದು ಅಲ್ಲಿಂದಲೇ ಕೂಗಿ ಹೇಳುತ್ತ ಅಡುಗೆ ಮಾಡಿಸಿದರು. ಮಕ್ಕಳ ಕೊನೆಯ ಪಂಕ್ತಿ ಎದ್ದ ಮೇಲೆ ಚೀಲ ಎತ್ತಿಕೊಂಡು ಹೊರಟರು. ಬಸ್ ನಿಲ್ದಾಣದವರೆಗೆ ನಾನೂ ಜೊತೆಗೆ ನಡೆದೆ.

ಬಸ್ಸು ಹತ್ತಿ ಕೂತ ಮೇಲೆ ಕಿಟಕಿಯಿಂದ ನನ್ನ ಕೈ ಹಿಡಿದುಕೊಂಡು, “ಕೂಸು ಉಳದೈತ್ರಿ. ಹೆಣ್ಣು,” ಎಂದರು. ಆಮೇಲೆ ಅಷ್ಟು ಜನರ ನಡುವೆ ಬಿಕ್ಕಿ ಬಿಕ್ಕಿ ಅತ್ತರು. ಬಸ್ಸು ಹೊರಡುವವರೆಗೂ ನಾನು ಕೈ ಬಿಡಿಸಿಕೊಳ್ಳಲಿಲ್ಲ.