ಶಿವನ ಹೂವು, ರಾಜಾನ ಎದೆ

ನಾಚಾರಂನ ಶಾಂತಕ್ಕನ ಮನೆಗೆ ಹೋದಾಗ ಅವರ ನಾಯಿ ರಾಜಾ ವಾಂತಿ ಮಾಡಿಕೊಂಡು ಅಂಗಳದಲ್ಲಿ ಕಾಲು ಚಾಚಿ ಮಲಗಿತ್ತು. ಪಶುವೈದ್ಯನಾಗಿ ಎಷ್ಟೋ ಎದೆಬಡಿತ ಕೇಳಿದವನು ನಾನು, ಇಂಥದ್ದು ಕೇಳಿರಲಿಲ್ಲ. ಅದರ ಎದೆ ಒಮ್ಮೆ ಬಡಿದು, ಮತ್ತೆ ಬಡಿಯಲೋ ಬೇಡವೋ ಎಂದು ಯೋಚಿಸುತ್ತಿತ್ತು.

"ಏನು ತಿಂದಾನ್ರಿ?"

"ಏನೂ ಇಲ್ರಿ ಡಾಕ್ಟರ್. ನಮ್ಮ ಕಣಗಿಲಿ ನಿನ್ನೆ ಮೊದಲ ಸಲ ಅರಳಿತ್ತು. ಬಟ್ಟಲ ತುಂಬ ಹೂವು ತೇಲಿಬಿಟ್ಟು ಪೂಜಿ ಮಾಡಿದ್ದೆ. ಆ ನೀರು ಕಾಲಿಗೆ ಸಿಗಬಾರದಲ್ರಿ, ಅದಕ್ಕ ಮುಂಜಾನೆ ಇವನ ತಾಟಿಗೆ ಹಾಕಿದೆ."

ಕಣಗಿಲೆ ಹೂವು ನೆನೆದ ನೀರೂ ಎದೆಗೆ ವಿಷ ಎಂದು ಹೇಳಿದೆ. ಗೇಟಿನ ಬಳಿ ಗಿಡ ತುಂಬ ಕೆಂಪು ಹೂವು. ಊದಿದರೆ ಹಾರುವಷ್ಟು ಹಗುರವಾದದ್ದು ಅಷ್ಟು ದೊಡ್ಡ ನಾಯಿಯ ಎದೆಯನ್ನೇ ಹಿಡಿದು ನಿಲ್ಲಿಸುತ್ತಿತ್ತು! ಔಷಧಿ ಕೊಟ್ಟು, ಸಲೈನ್ ಹಚ್ಚಿ, ಅದರ ಎದೆಯ ಮೇಲೆ ಕೈಯಿಟ್ಟು ಕೂತೆ. ಸಂಜೆಯ ಹೊತ್ತಿಗೆ ಬಡಿತ ತಾನಾಗಿ ದಾರಿಗೆ ಬಂತು.

"ಶಿವಗ ಕಣಗಿಲಿ ಅಂದ್ರ ಭಾಳ ಪ್ರೀತಿ ಅಲ್ರಿ?" ಶಾಂತಕ್ಕ ಇನ್ನೂ ನಂಬಲೊಲ್ಲರು.

"ಅಂವ ವಿಷಾನೂ ದಕ್ಕಿಸಿಕೊಂಡಾನ್ರಿ ಅಕ್ಕಾರ. ರಾಜಾಗ ಎಲ್ಲಿ ಆಕ್ಕೈತಿ?"

ನಾನು ಹೊರಡುವಾಗ ಶಾಂತಕ್ಕ ದೇವರಿಗೆ ದೀಪ ಹಚ್ಚಿ, ನನಗೂ ತೀರ್ಥ ತಂದರು. ಕೈ ಚಾಚಿದವನು, ಜೀವಮಾನದಲ್ಲೇ ಮೊದಲ ಸಲ ಕೇಳಿದೆ: "ಇದರಾಗ ಯಾವ ಹೂವು ಹಾಕೀರಿ?"